ಗಾಡಿ ಯಾಕೆ ನಿಂತಿತು? ಮನೆಯೊಳಗಿನ ಪುಟ್ಟ ರೈಲಿನ ದೋಷ ಹುಡುಕುವ ಬಗೆ

ನಮ್ಮ ಮನೆಯ ಮಾಳಿಗೆ ಕೋಣೆಯಲ್ಲಿ ಬಾಗಲಕೋಟೆಯಿಂದ ವಿಜಯಪುರಕ್ಕೆ ಹನ್ನೆರಡು ಅಡಿ ದೂರ. ನಡುವೆ ಆಲಮಟ್ಟಿ, ಕೃಷ್ಣಾ ಹೊಳೆಗೊಂದು ಸೇತುವೆ, ಬಸವನ ಬಾಗೇವಾಡಿ ರೋಡ್ ಸ್ಟೇಷನ್. ಹೊಳೆಯಲ್ಲಿ ನೀರಿಲ್ಲ, ನೀಲಿ ಬಣ್ಣ ಬಳಿದ ಪ್ಲೈವುಡ್ ಇದೆ ಅಷ್ಟೆ. ಈ ಹವ್ಯಾಸದವರು ಇಂಥ ಹಲಗೆಗೆ ಲೇಔಟ್ ಅನ್ನುತ್ತಾರೆ. ಫೋನಿನಲ್ಲಿ "ಲೇಔಟ್ ಕೆಟ್ಟೈತಿ" ಅಂದರೆ ಪಕ್ಕದಲ್ಲಿ ಕೂತವರು "ಯಾವ ಕಡೆ ಸೈಟ್ ತಗೊಂಡೀರಿ?" ಅಂತ ಕೇಳುತ್ತಾರೆ.

ನಮ್ಮ ಕಡೆ ಈ ಹುಚ್ಚು ಹಿಡಿದವರು ಕಡಿಮೆ. ಬೆಳಗಾವಿಯ ಟಿಳಕವಾಡಿಯಲ್ಲಿ ಒಬ್ಬ ಕಾಕಾ ಇದ್ದಾರೆ. ಬಾಗಲಕೋಟೆಯ ನವನಗರದಲ್ಲಿ ಒಬ್ಬ ಹುಡುಗ. ಇಲ್ಲಿ ವಿಜಯಪುರದಲ್ಲಿ ನಾನು. ಗಾಡಿ ನಿಂತಾಗ ಒಬ್ಬರಿಗೊಬ್ಬರು ಮೊಬೈಲಿನಲ್ಲಿ ವಿಡಿಯೊ ಕಳಿಸಿಕೊಳ್ಳುತ್ತೇವೆ. ಬರುವ ದೂರುಗಳು ಹೆಚ್ಚುಕಡಿಮೆ ಆರೇ. ಅವನ್ನೇ ಇಲ್ಲಿ ಬರೆದಿದ್ದೇನೆ.

ನಾನು ಹೇಳುವುದೆಲ್ಲ ಎಚ್‌ಒ ಅಳತೆಯ ಗಾಡಿಗಳಿಗೆ. ಅಂದರೆ ನಿಜವಾದ ರೈಲಿನ 87ನೇ ಒಂದು ಭಾಗ. ಹಳಿಯಿಂದ ಹಳಿಗೆ 16.5 ಮಿಲಿಮೀಟರ್. ನಮ್ಮ ಬ್ರಾಡ್‌ಗೇಜ್ 1,676 ಮಿಲಿಮೀಟರ್, ಅದನ್ನು ಸರಿಯಾಗಿ ಇಳಿಸಿದರೆ 19 ದಾಟುತ್ತದೆ. ಆದರೂ ಹುಬ್ಬಳ್ಳಿ ಶೆಡ್ಡಿನ ಡಬ್ಲ್ಯುಡಿಪಿ-4 ಡೀಸೆಲ್ ಎಂಜಿನ್ನನ್ನು 16.5ರ ಮೇಲೇ ಓಡಿಸುತ್ತೇವೆ. ಕಣ್ಣು ಹೊಂದಿಕೊಳ್ಳುತ್ತದೆ.

ಕರೆಂಟಿನಲ್ಲಿ ಎರಡು ಬಗೆ. ಹಳೆಯದು 12 ವೋಲ್ಟ್ ಡಿಸಿ: ಹಳಿಗೆ ಕರೆಂಟ್ ಕೊಡುವ ಪೆಟ್ಟಿಗೆ, ಅಂದರೆ ಕಂಟ್ರೋಲರಿನ ಗುಂಡಿ ತಿರುಗಿಸಿದಷ್ಟು ವೋಲ್ಟ್, ವೋಲ್ಟ್ ಇದ್ದಷ್ಟು ಓಟ. ಇನ್ನೊಂದು ಡಿಸಿಸಿ: ಹಳಿಯಲ್ಲಿ ಯಾವಾಗಲೂ ಪೂರ್ತಿ ಕರೆಂಟ್ ಇರುತ್ತದೆ, ಎಂಜಿನ್ನಿನ ಹೊಟ್ಟೆಯಲ್ಲಿರುವ ಚಿಪ್ ಆಜ್ಞೆ ಕೇಳಿ ಓಡುತ್ತದೆ. ನಿಮ್ಮದು ಯಾವುದು ಅಂತ ಮೊದಲು ಗೊತ್ತಿರಲಿ.

ಬಿಚ್ಚುವ ಮೊದಲು

ಒಂದು ಹಳೆಯ ತಪ್ಪು ಒಪ್ಪಿಕೊಳ್ಳುತ್ತೇನೆ. ಒಂದು ಸಂಜೆ ನನ್ನ ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ನಿಧಾನವಾಯಿತು. ಸ್ಕ್ರೂಡ್ರೈವರ್ ಕೈಯಲ್ಲೇ ಇತ್ತು. ಎಂಜಿನ್ ಬಿಚ್ಚಿದೆ. ಮೋಟರಿನ ಕಾರ್ಬನ್ ಬ್ರಷ್ ಹಿಂದೆ ಅಕ್ಕಿಕಾಳಿಗಿಂತ ಸಣ್ಣ ಸ್ಪ್ರಿಂಗ್ ಇರುತ್ತದೆ. ಅದು ಟಣ್ ಅಂತ ಹಾರಿ ಮಂಚದ ಕೆಳಗೆ ಹೋಯಿತು. ಎರಡು ಸಂಜೆ ಟಾರ್ಚ್ ಹಿಡಿದು ಹುಡುಕಿದೆ, ಸಿಗಲಿಲ್ಲ. ದೋಷ ಎಂಜಿನ್ನಿನಲ್ಲಿ ಇರಲೇ ಇಲ್ಲ. ಎಲ್ಲಿತ್ತು ಅಂತ ಮುಂದೆ ಹೇಳುತ್ತೇನೆ.

ಎಂಜಿನ್ ಬಿಚ್ಚುವುದು ಕೊನೆಯ ಕೆಲಸ. ಮೊದಲು ಹಳಿ, ಆಮೇಲೆ ಗಾಲಿ, ಆಮೇಲೆ ವೈರು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಓಡಿಸಿ ನೋಡಿ. ನಾಲ್ಕನ್ನು ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದಿಲ್ಲ. ಮುಂದಿನ ತಿಂಗಳು ಮತ್ತೆ ನಾಲ್ಕನ್ನೂ ಮಾಡಬೇಕಾಗುತ್ತದೆ.

ಸಾಮಾನು ಜಾಸ್ತಿ ಬೇಡ. ಒಂದು ಅಗ್ಗದ ಮಲ್ಟಿಮೀಟರ್, ಹಳೆಯ ಹತ್ತಿ ಬನಿಯನ್ ತುಂಡು, 9 ವೋಲ್ಟಿನ ಚೌಕದ ಬ್ಯಾಟರಿ, ಮೊಬೈಲ್ ರಿಪೇರಿಯವರು ಬಳಸುವ ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ದ್ರಾವಣ ಇದ್ದರೆ ಸಾಕು.

"ಏನ್ ಮಾಡಿದ್ರೂ ಗಾಡಿ ಅಳ್ಳಾಡವಲ್ದು"

ನಗಬೇಡಿ, ಮೊದಲು ಪ್ಲಗ್ ನೋಡಿ. ಸ್ವಿಚ್ ಹಾಕಿದೆಯಾ? ಕರೆಂಟ್ ಇದೆಯಾ? ಕಂಟ್ರೋಲರಿನ ದೀಪ ಉರಿಯುತ್ತಿದೆಯಾ? ದೀಪವೇ ಇಲ್ಲದಿದ್ದರೆ ಅದೇ ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ.

ದೀಪ ಉರಿದು ತಕ್ಷಣ ಮಂಕಾದರೆ, ಅಥವಾ ಕೆಂಪಾದರೆ, ಎರಡು ಹಳಿಗಳ ಮೇಲೆ ಏನೋ ಅಡ್ಡ ಬಿದ್ದಿದೆ. ಎಲ್ಲ ಗಾಡಿಗಳನ್ನೂ ಎತ್ತಿ ಪಕ್ಕಕ್ಕಿಡಿ. ಸುರಂಗದೊಳಗೆ ಟಾರ್ಚ್ ಬಿಡಿ. ನಮ್ಮ ಮನೆಯಲ್ಲಿ ಒಮ್ಮೆ ಸಿಕ್ಕಿದ್ದು ಮಗಳ ಹೇರ್‌ಪಿನ್. ಆಲಮಟ್ಟಿ ಸೇತುವೆಯ ನಡುಮಧ್ಯೆ, ಎರಡೂ ಹಳಿಗಳಿಗೆ ತಾಗಿಕೊಂಡು ಆರಾಮಾಗಿ ಮಲಗಿತ್ತು.

ದೀಪ ಚೆನ್ನಾಗಿದೆ, ಗಾಡಿ ಮಾತ್ರ ನಿಂತಿದೆ ಅಂದರೆ ಮೀಟರ್ ತೆಗೆಯಿರಿ. ಡಿಸಿ ವೋಲ್ಟ್, 20ರ ಮನೆಗೆ ಇಡಿ. ಕಂಟ್ರೋಲರಿನ ಗುಂಡಿ ಪೂರ್ತಿ ತಿರುಗಿಸಿ ವೈರು ಹೊರಡುವ ಜಾಗದಲ್ಲಿ ಅಳೆಯಿರಿ. ಅಲ್ಲಿ ಸುಮಾರು 12 ತೋರಿಸಿ, ಹಳಿಯ ಮೇಲೆ ಸೊನ್ನೆ ತೋರಿಸಿದರೆ ನಡುವಿನ ವೈರು ಬಿಟ್ಟಿದೆ. ಹೆಚ್ಚಿನ ಸಲ ಸ್ಕ್ರೂ ಸಡಿಲವಾಗಿರುತ್ತದೆ, ಇಲ್ಲವೇ ಇಲಿ ಕಡಿದಿರುತ್ತದೆ. ಹಳಿಯ ಮೇಲೂ 12 ಇದ್ದರೆ ಆಗ ಅನುಮಾನ ಎಂಜಿನ್ ಕಡೆಗೆ. ಡಿಸಿಸಿ ಇದ್ದವರು ಈ ಅಳತೆಯನ್ನು ನಂಬಬೇಡಿ. ಆ ಕರೆಂಟ್ ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವುದರಿಂದ ಡಿಸಿ ಮನೆಯಲ್ಲಿ ಮೀಟರ್ ಏನೇನೋ ತೋರಿಸುತ್ತದೆ.

ಡಿಸಿ ಎಂಜಿನ್ನಿಗೆ ಸುಲಭದ ಪರೀಕ್ಷೆ ಇದೆ. ಅದನ್ನು ಹಳಿಯಿಂದ ಎತ್ತಿ ಮಗುಚಿ ಹಿಡಿಯಿರಿ. 9 ವೋಲ್ಟ್ ಬ್ಯಾಟರಿಯಿಂದ ಎರಡು ವೈರು ತಂದು ಒಂದನ್ನು ಎಡ ಗಾಲಿಗೆ, ಇನ್ನೊಂದನ್ನು ಬಲ ಗಾಲಿಗೆ ಮುಟ್ಟಿಸಿ. ಗಿರ್ ಅಂತ ತಿರುಗಿದರೆ ಎಂಜಿನ್ ಚೆನ್ನಾಗಿದೆ, ದೋಷ ಹಳಿಯಲ್ಲಿದೆ. ತಿರುಗದಿದ್ದರೆ ಬೇರೆ ಜೊತೆ ಗಾಲಿಗಳಿಗೆ ಮುಟ್ಟಿಸಿ ನೋಡಿ. ಕೆಲವು ಎಂಜಿನ್ನುಗಳಲ್ಲಿ ಎಲ್ಲ ಗಾಲಿಗಳೂ ಕರೆಂಟ್ ತೆಗೆದುಕೊಳ್ಳುವುದಿಲ್ಲ.

"ಮುಗ್ಗರಿಸಿ ಮುಗ್ಗರಿಸಿ ಓಡ್ತೈತಿ, ಲೈಟ್ ಮಿಣುಕ್ ಮಿಣುಕ್"

ಎಲ್ಲಕ್ಕಿಂತ ಜಾಸ್ತಿ ಬರುವ ದೂರು ಇದು. ಕಾರಣವೂ ಹೆಚ್ಚಿನ ಸಲ ಒಂದೇ, ಕೊಳೆ.

ಬಿಳಿ ಬನಿಯನ್ ತುಂಡನ್ನು ಬೆರಳಿಗೆ ಸುತ್ತಿ ಹಳಿಯ ಮೇಲೆ ಒಂದು ಅಡಿ ಒರೆಸಿ. ಬಟ್ಟೆ ಮೇಲೆ ಕಾಡಿಗೆ ಎಳೆದಂತೆ ಎರಡು ಕಪ್ಪು ಗೆರೆ ಮೂಡುತ್ತವೆ. ಗಾಲಿಗೂ ಹಳಿಗೂ ನಡುವೆ ಹಾರುವ ಸಣ್ಣ ಸಣ್ಣ ಕಿಡಿ, ಲೋಹದ ಪುಡಿ, ಧೂಳು, ಎಣ್ಣೆ ಎಲ್ಲ ಸೇರಿ ಆದ ಮಸಿ ಅದು. ಅದರ ಮೂಲಕ ಕರೆಂಟ್ ಸರಿಯಾಗಿ ಹಾಯುವುದಿಲ್ಲ.

ನಮ್ಮಲ್ಲಿ ಬೇಸಿಗೆ ಗಾಳಿ ಎದ್ದರೆ ಕಿಟಕಿ ಮುಚ್ಚಿದರೂ ಎರಿ ಮಣ್ಣಿನ ಧೂಳು ಒಳಗೆ ಬರುತ್ತದೆ. ಅದಕ್ಕಿಂತ ಕೆಟ್ಟದ್ದು ಅಡುಗೆಮನೆಯ ಎಣ್ಣೆ ಹೊಗೆ. ನವನಗರದ ಹುಡುಗನ ಹಳಿ ಅಡುಗೆಮನೆ ಪಕ್ಕದ ಕೋಣೆಯಲ್ಲಿತ್ತು. ಪ್ರತಿ ಸೋಮವಾರ ಅವನ ಗಾಡಿ ಮುಗ್ಗರಿಸುತ್ತಿತ್ತು. ಭಾನುವಾರ ಅವರ ಮನೆಯಲ್ಲಿ ಮಿರ್ಚಿ ಭಜಿ! ಎಣ್ಣೆಯ ತೆಳು ಪೊರೆ ಹಳಿ ಮೇಲೆ ಕೂರುತ್ತದೆ, ಅದಕ್ಕೆ ಧೂಳು ಅಂಟುತ್ತದೆ. ಈಗ ಅವನು ಭಾನುವಾರ ಹಳಿಗೆ ಹಳೆಯ ಸೀರೆ ಹೊದಿಸುತ್ತಾನೆ. ಭಜಿ ನಿಲ್ಲಿಸಿ ಅಂತ ಅವರ ಅವ್ವನಿಗೆ ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ.

ಒರೆಸುವ ಮೊದಲು ಗಾಡಿ ಎಲ್ಲಿ ಮುಗ್ಗರಿಸುತ್ತದೆ ಅಂತ ಎರಡು ಸುತ್ತು ನೋಡಿ. ಎಲ್ಲ ಎಂಜಿನ್ನುಗಳೂ ಎಲ್ಲ ಕಡೆ ಮುಗ್ಗರಿಸಿದರೆ ಹಳಿ ಕೊಳೆಯಾಗಿದೆ. ಒಂದೇ ಎಂಜಿನ್ ಎಲ್ಲ ಕಡೆ ಮುಗ್ಗರಿಸಿದರೆ ಅದರ ಗಾಲಿ ಕೊಳೆಯಾಗಿದೆ. ಎಲ್ಲವೂ ಒಂದೇ ಜಾಗದಲ್ಲಿ ಮುಗ್ಗರಿಸಿದರೆ ಅಲ್ಲಿನ ಕೂಡು (ಎರಡು ಹಳಿ ತುಂಡು ಸೇರುವ ಜಾಗ) ಅಥವಾ ಪಾಯಿಂಟ್ (ಒಂದು ದಾರಿ ಎರಡಾಗುವ ಜಾಗ) ನೋಡಬೇಕು. ಇಷ್ಟು ಗಮನಿಸಿದರೆ ಅರ್ಧ ಕೆಲಸ ಮುಗಿದಂತೆ.

ಹಳಿಗೆ: ಕರೆಂಟ್ ಬಂದ್ ಮಾಡಿ. ಬಟ್ಟೆಗೆ ಐಪಿಎ ಹಾಕಿ ಒರೆಸಿ, ಬಟ್ಟೆ ಬಿಳಿಯಾಗಿ ಬರುವ ತನಕ. ಈ ದ್ರಾವಣಕ್ಕೆ ಬೇಗ ಬೆಂಕಿ ಹತ್ತುತ್ತದೆ. ಕಿಟಕಿ ತೆರೆದಿಡಿ, ಹತ್ತಿರ ಊದಿನಕಡ್ಡಿಯೂ ಬೇಡ, ಪೂರ್ತಿ ಆರಿದ ಮೇಲೆಯೇ ಸ್ವಿಚ್ ಹಾಕಿ. ಪೆಟ್ರೋಲ್ ಮಾತ್ರ ಯಾರು ಹೇಳಿದರೂ ಬೇಡ. ಮರಳು ಕಾಗದವೂ ಬೇಡ. ಅದು ಹಳಿಯ ಮೇಲೆ ಗೀರು ಬಿಡುತ್ತದೆ, ಗೀರಿನೊಳಗೆ ಕೊಳೆ ಇನ್ನೂ ಬೇಗ ಕೂರುತ್ತದೆ. ಪಾತ್ರೆ ತಿಕ್ಕುವ ಸ್ಟೀಲ್ ಜುಂಗು ಅದಕ್ಕಿಂತ ಅಪಾಯ. ಅದರ ಎಳೆಗಳು ಉದುರುತ್ತವೆ, ಮೋಟರಿನ ಅಯಸ್ಕಾಂತ ಅವನ್ನು ಒಳಗೆ ಎಳೆದುಕೊಳ್ಳುತ್ತದೆ.

ಗಾಲಿಗೆ: ಟಿಶ್ಯೂ ಕಾಗದದ ಒಂದು ತುಂಡನ್ನು ಐಪಿಎಯಲ್ಲಿ ನೆನೆಸಿ ಹಳಿಗೆ ಅಡ್ಡ ಹಾಸಿ. ದ್ರಾವಣ ತೊಟ್ಟಿಕ್ಕಬಾರದು, ಬರೀ ತೇವ ಇರಲಿ. ಎಂಜಿನ್ನಿನ ಮುಂದಿನ ಗಾಲಿಗಳು ಕಾಗದದ ಮೇಲೆ, ಹಿಂದಿನವು ಬರೀ ಹಳಿಯ ಮೇಲೆ ಇರುವಂತೆ ಕೈಯಲ್ಲಿ ಹಿಡಿಯಿರಿ. ಹಿಂದಿನ ಗಾಲಿಗಳಿಂದ ಕರೆಂಟ್ ಬರುತ್ತದೆ, ಮುಂದಿನವು ಕಾಗದದ ಮೇಲೆ ತಿರುಗಿ ಮಸಿ ಉಜ್ಜಿಕೊಳ್ಳುತ್ತವೆ. ಗುಂಡಿ ಸ್ವಲ್ಪವೇ ತಿರುಗಿಸಿ, ಕಿಡಿ ಕಂಡರೆ ನಿಲ್ಲಿಸಿ. ಇದು ಭಯ ಅನಿಸಿದರೆ ಕರೆಂಟ್ ಇಲ್ಲದೆ ಹತ್ತಿ ಕಡ್ಡಿಯಿಂದ ಒಂದೊಂದೇ ಗಾಲಿ ಒರೆಸಿ. ತಡ ಆಗುತ್ತದೆ ಅಷ್ಟೆ. ಕೆಲವು ಗಾಲಿಗಳಿಗೆ ಹಿಡಿತಕ್ಕಾಗಿ ರಬ್ಬರ್ ಬಳೆ ಹಾಕಿರುತ್ತಾರೆ, ಅದಕ್ಕೆ ದ್ರಾವಣ ತಾಗಿಸಬೇಡಿ.

ಇಷ್ಟಾದರೂ ಮುಗ್ಗರಿಸಿದರೆ ಗಾಲಿಯ ಹಿಂಬದಿಗೆ ತಾಗಿಕೊಂಡಿರುವ ತಾಮ್ರದ ತೆಳು ಪಟ್ಟಿ ನೋಡಿ. ಗಾಲಿಯಿಂದ ಕರೆಂಟ್ ತೆಗೆಯುವುದು ಅದೇ. ಅದಕ್ಕೆ ಕೂದಲು, ಕಾರ್ಪೆಟ್ಟಿನ ನೂಲು ಸುತ್ತಿರುತ್ತದೆ. ಚಿಮಟದಿಂದ ತೆಗೆಯಿರಿ. ಪಟ್ಟಿ ಗಾಲಿಯಿಂದ ದೂರ ಸರಿದಿದ್ದರೆ ಸೂಜಿಯ ಮೊನೆಯಿಂದ ಕೂದಲೆಳೆಯಷ್ಟು ಒಳಗೆ ಬಗ್ಗಿಸಿ. ಜಾಸ್ತಿ ಬಗ್ಗಿಸಿದರೆ ಅದೇ ಬ್ರೇಕ್ ಆಗುತ್ತದೆ.

"ಆಲಮಟ್ಟಿ ದಾಟಿದ ಮ್ಯಾಲೆ ಸುಸ್ತಾಗ್ತೈತಿ"

ನನ್ನ ಸ್ಪ್ರಿಂಗ್ ಕಳೆದ ಕತೆಯ ಉಳಿದರ್ಧ ಇಲ್ಲಿದೆ. ಬಾಗಲಕೋಟೆಯಲ್ಲಿ ಗಾಡಿ ಚುರುಕಾಗಿತ್ತು. ಆಲಮಟ್ಟಿ ದಾಟಿದ ಮೇಲೆ ನಿಧಾನ, ವಿಜಯಪುರಕ್ಕೆ ಬರುವಾಗ ನಡಿಗೆ. ವಾಪಸ್ ಬಾಗಲಕೋಟೆಗೆ ಹೋದರೆ ಮತ್ತೆ ಚುರುಕು. ಎಂಜಿನ್ ಕೆಟ್ಟಿದ್ದರೆ ಎಲ್ಲ ಕಡೆಯೂ ಸುಸ್ತಾಗಬೇಕಿತ್ತು, ಅಲ್ವಾ? ಅಷ್ಟು ಯೋಚಿಸಿದ್ದರೆ ಸ್ಪ್ರಿಂಗ್ ಉಳಿಯುತ್ತಿತ್ತು.

ಗೋಳಗುಮ್ಮಟದ ಮೇಲಿನ ಸುತ್ತಿನಲ್ಲಿ ಗೋಡೆಗೆ ಪಿಸುಗುಟ್ಟಿದರೆ ಎದುರು ತುದಿಯಲ್ಲಿ ಕೇಳಿಸುತ್ತದೆ. ಹಳಿಯ ಕರೆಂಟ್ ಅಷ್ಟು ನಿಷ್ಠೆಯದ್ದಲ್ಲ. ಎರಡು ಹಳಿ ತುಂಡುಗಳನ್ನು ಸೇರಿಸುವ ಪುಟ್ಟ ಲೋಹದ ಜೋಡಣೆಗೆ ನಾವು ಫಿಶ್‌ಪ್ಲೇಟ್ ಅನ್ನುತ್ತೇವೆ. ಒಂದೊಂದು ಫಿಶ್‌ಪ್ಲೇಟ್ ಸಡಿಲವಾದಾಗಲೂ ಸ್ವಲ್ಪ ಸ್ವಲ್ಪ ವೋಲ್ಟ್ ಸೋರುತ್ತದೆ.

ಪರೀಕ್ಷೆ ಹೀಗೆ. ಎಂಜಿನ್ ಅನ್ನು ದೂರದ ತುದಿಯಲ್ಲಿ ಓಡಲು ಬಿಟ್ಟು, ಅದರ ಪಕ್ಕದಲ್ಲೇ ಹಳಿಯ ವೋಲ್ಟ್ ಅಳೆಯಿರಿ. ಎಂಜಿನ್ ಇಲ್ಲದೆ ಅಳೆದರೆ ಮೀಟರ್ ಮೋಸ ಮಾಡುತ್ತದೆ. ಭಾರ ಇಲ್ಲದಾಗ ಕೆಟ್ಟ ಕೂಡು ಕೂಡ ಪೂರ್ತಿ 12 ತೋರಿಸುತ್ತದೆ. ನನಗೆ ಬಾಗಲಕೋಟೆಯಲ್ಲಿ 11.6 ಬಂತು, ವಿಜಯಪುರದಲ್ಲಿ 7.9. ಒಂದೊಂದೇ ಕೂಡಿನ ಎರಡೂ ಬದಿ ಅಳೆಯುತ್ತ ಬಂದೆ. ಸೇತುವೆ ಮುಗಿಯುವ ಜಾಗದಲ್ಲಿ ಒಂದೇ ಕೂಡಿನಲ್ಲಿ ಮೂರು ವೋಲ್ಟಿಗಿಂತ ಜಾಸ್ತಿ ಮಾಯ. ಬೆರಳಿಂದ ಒತ್ತಿದೆ. ಗಾಡಿ ಒಮ್ಮೆಲೇ ಓಡಿತು. ಬಿಟ್ಟೆ, ಸುಸ್ತಾಯಿತು.

ತಕ್ಷಣದ ಉಪಾಯ ಅಂದರೆ ಆ ಫಿಶ್‌ಪ್ಲೇಟ್ ತೆಗೆದು ಇಕ್ಕಳದಿಂದ ಮೆಲ್ಲಗೆ ಒತ್ತಿ ಬಿಗಿಮಾಡಿ ಮತ್ತೆ ಹಾಕುವುದು, ಇಲ್ಲವೇ ಹೊಸದು ಹಾಕುವುದು. ಶಾಶ್ವತ ಉಪಾಯ ಬೇರೆ. ಹಲಗೆಯ ಕೆಳಗೆ ಉದ್ದಕ್ಕೂ ಎರಡು ದಪ್ಪ ವೈರು ಎಳೆಯಿರಿ, ಮನೆಯ ಲೈಟಿಗೆ ಹಾಕುವ 1.5 ಚದರ ಮಿಲಿಮೀಟರಿನದು ಸಾಕು. ಮೂರು ಮೂರು ಅಡಿಗೆ ಒಂದರಂತೆ ಅದರಿಂದ ಹಳಿಗೆ ಸಣ್ಣ ವೈರು ಬೆಸೆಯಿರಿ. ಬೆಸೆಯುವಾಗ ಸೋಲ್ಡರಿಂಗ್ ಕಬ್ಬಿಣ ಚೆನ್ನಾಗಿ ಕಾದಿರಲಿ, ಮುಟ್ಟಿಸಿ ಎರಡು ಮೂರು ಸೆಕೆಂಡಿಗೆ ತೆಗೆಯಿರಿ. ಅಕ್ಕಪಕ್ಕದ ಸ್ಲೀಪರ್‌ಗಳ (ಹಳಿ ಕೆಳಗಿನ ಅಡ್ಡಪಟ್ಟಿಗಳ) ಮೇಲೆ ಒದ್ದೆ ಹತ್ತಿ ಇಡಿ, ಇಲ್ಲದಿದ್ದರೆ ಪ್ಲಾಸ್ಟಿಕ್ ಕರಗುತ್ತದೆ. ಸೀಸ ಇರುವ ಸೋಲ್ಡರ್ ಮುಟ್ಟಿದ ಕೈಯನ್ನು ಊಟಕ್ಕೆ ಮೊದಲು ಸೋಪು ಹಾಕಿ ತೊಳೆಯಿರಿ.

"ಅದ ಜಾಗಾದಾಗ ಹಳಿ ತಪ್ಪತೈತಿ"

ಎಲ್ಲ ಡಬ್ಬಿಗಳೂ ಒಂದೇ ಜಾಗದಲ್ಲಿ ತಪ್ಪಿದರೆ ತಪ್ಪು ಹಳಿಯದ್ದು. ಒಂದೇ ಡಬ್ಬಿ ಹತ್ತು ಜಾಗದಲ್ಲಿ ತಪ್ಪಿದರೆ ತಪ್ಪು ಡಬ್ಬಿಯದ್ದು.

ಹಳಿಯ ಮಟ್ಟಕ್ಕೆ ತಲೆ ಇಳಿಸಿ, ಕೋಲು ನೆಟ್ಟಗಿದೆಯಾ ಅಂತ ನೋಡುವಂತೆ ಒಂದು ಕಣ್ಣು ಮುಚ್ಚಿ ನೋಡಿ. ಸೊಟ್ಟ ತಕ್ಷಣ ಕಾಣುತ್ತದೆ. ಉಗುರನ್ನು ಹಳಿಯ ಒಳಬದಿಗೆ ಜಾರಿಸಿ. ಉಗುರು ತಡೆದ ಕಡೆ ಗಾಲಿಯೂ ತಡೆಯುತ್ತದೆ. ಮೊಬೈಲನ್ನು ಹಳಿ ಪಕ್ಕ ಮಲಗಿಸಿ ಸ್ಲೋಮೋಷನ್ ವಿಡಿಯೊ ತೆಗೆದರೆ ಮೊದಲು ಎದ್ದ ಗಾಲಿ ಯಾವುದು ಅಂತ ಗೊತ್ತಾಗುತ್ತದೆ.

ಏಪ್ರಿಲ್, ಮೇನಲ್ಲಿ ನಮ್ಮ ಮಾಳಿಗೆ ಕೋಣೆ ಒಲೆಯಂತೆ ಕಾಯುತ್ತದೆ. ಹನ್ನೆರಡು ಅಡಿ ಹಳಿ 20 ಡಿಗ್ರಿ ಜಾಸ್ತಿ ಕಾದರೆ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು ಉದ್ದವಾಗುತ್ತದೆ. ಕೂಡುಗಳಲ್ಲಿ ಸಂದು ಬಿಡದೆ ಎಲ್ಲವನ್ನೂ ಬೆಸೆದಿದ್ದರೆ ಹಳಿ ಪಕ್ಕಕ್ಕೆ ಬಾಗುತ್ತದೆ. ಚಳಿಗಾಲದಲ್ಲಿ ಹಳಿ ಹಾಕುವವರು ಕೂಡಿಗೊಂದು ದಪ್ಪ ಕಾಗದದಷ್ಟು ಸಂದು ಬಿಡಿ. ಬೆಳಗಾವಿಯ ತಕರಾರು ಬೇರೆ. ಜುಲೈ ಮಳೆಗೆ ಅಲ್ಲಿ ಪ್ಲೈವುಡ್ ಉಬ್ಬಿ ಹಳಿ ಅಲೆಯಂತೆ ಏಳುತ್ತದೆ. ಕಾಕಾ ಮೂರು ಮಳೆಗಾಲ ಬೈದುಕೊಂಡು, ನಾಲ್ಕನೆಯದಕ್ಕೆ ಮೊದಲು ಹಲಗೆಯ ಕೆಳಬದಿಗೂ ಅಂಚಿಗೂ ಎರಡು ಕೋಟ್ ಬಣ್ಣ ಹೊಡೆದರು. ನಾವೆಲ್ಲ ಮೇಲೆ ಮಾತ್ರ ಬಣ್ಣ ಹೊಡೆದು ಕೆಳಗೆ ಹಾಗೇ ಬಿಟ್ಟಿರುತ್ತೇವೆ.

ತಪ್ಪು ಡಬ್ಬಿಯದ್ದಾದರೆ ಎರಡು ಗಾಲಿಗಳ ಒಳಬದಿಯ ನಡುವಿನ ಅಂತರ ಅಳೆಯಿರಿ. 14.4 ಮಿಲಿಮೀಟರ್ ಆಸುಪಾಸು ಇರಬೇಕು. ಕಡಿಮೆ ಇದ್ದರೆ ಗಾಲಿಯನ್ನು ಮೆಲ್ಲಗೆ ತಿರುಗಿಸುತ್ತ ಹೊರಗೆ ಎಳೆಯಿರಿ. ಆಮೇಲೆ ತೂಕ. ಅಮೆರಿಕದ ಮಾಡೆಲ್ ರೈಲಿನವರ ಸಂಘ ಎನ್‌ಎಂಆರ್‌ಎ ಒಂದು ಲೆಕ್ಕ ಹೇಳುತ್ತದೆ: 28 ಗ್ರಾಂ, ಅದರ ಮೇಲೆ ಪ್ರತಿ ಸೆಂಟಿಮೀಟರ್ ಉದ್ದಕ್ಕೆ ಸುಮಾರು 5.6 ಗ್ರಾಂ. ಚೆನ್ನೈನ ಐಸಿಎಫ್ ಕಾರ್ಖಾನೆಯ ನಮ್ಮ ಹಳೆಯ ನೀಲಿ ಡಬ್ಬಿ ಈ ಅಳತೆಯಲ್ಲಿ 24.5 ಸೆಂಟಿಮೀಟರ್ ಬರುತ್ತದೆ, ಅಂದರೆ ಸುಮಾರು 165 ಗ್ರಾಂ ತೂಗಬೇಕು. ಕಡಿಮೆ ಇದ್ದರೆ ನಡುಮಧ್ಯೆ, ತಳಕ್ಕೆ, ಎರಡು ವಾಷರ್ ಅಂಟಿಸಿ. ಇಷ್ಟು ಉದ್ದದ ಡಬ್ಬಿ ತೀರಾ ಬಿಗಿ ತಿರುವಿನಲ್ಲಿ ತಪ್ಪಿದರೆ ಅದರ ತಪ್ಪಲ್ಲ. ತಿರುವಿನ ತ್ರಿಜ್ಯ ಡಬ್ಬಿ ಉದ್ದದ ಮೂರು ಪಟ್ಟಾದರೂ ಇದ್ದರೆ ನೆಮ್ಮದಿ.

"ಪಾಯಿಂಟ್ ಮ್ಯಾಲೆ ಬಂದ ಕೂಡ್ಲೆ ಎಲ್ಲಾ ಬಂದ್"

ಒಂದು ದಾರಿ ಎರಡಾಗುವ ಪಾಯಿಂಟಿನ ಮೂತಿಯಲ್ಲಿ ಎರಡು ಬೇರೆ ಬೇರೆ ಕಡೆಯ ಹಳಿಗಳು ತೀರಾ ಹತ್ತಿರ ಬರುತ್ತವೆ. ಅಗಲದ ಲೋಹದ ಗಾಲಿ ಎರಡನ್ನೂ ಒಟ್ಟಿಗೆ ಮುಟ್ಟಿದರೆ ಶಾರ್ಟ್. ಕೋಣೆಯ ದೀಪ ಆರಿಸಿ ಓಡಿಸಿ ನೋಡಿ, ಕಿಡಿ ಹಾರುವ ಜಾಗ ತಾನೇ ತೋರಿಸುತ್ತದೆ. ಅಲ್ಲಿ ಬಣ್ಣವಿಲ್ಲದ ನೇಲ್ ಪಾಲಿಶ್ ಒಂದು ಚುಕ್ಕೆ ಹಚ್ಚಿ. ಶಾರ್ಟ್ ನಿಂತರೆ ಕಾರಣ ಅದೇ. ಪಾಲಿಶ್ ಸವೆಯುತ್ತದೆ, ಆಗಾಗ ಹಚ್ಚಬೇಕು.

ಗಾಡಿ ಒಂದು ಸುತ್ತು ಹೊಡೆದು ಬಂದ ದಾರಿಗೇ ತಿರುಗಿ ಸೇರುವ ಜಾಗ ಇದ್ದರೆ ಅಲ್ಲಿ ಎಡ ಹಳಿ ಬಲ ಹಳಿಗೆ ಹೋಗಿ ಸೇರುತ್ತದೆ. ಅದು ಯಾವಾಗಲೂ ಶಾರ್ಟ್. ಆ ಸುತ್ತಿನ ಎರಡೂ ತುದಿಯಲ್ಲಿ ಎರಡೂ ಹಳಿಗಳನ್ನು ಕತ್ತರಿಸಿ ಪ್ಲಾಸ್ಟಿಕ್ ಜೋಡಣೆ ಹಾಕಿ, ನಡುವಿನ ಭಾಗಕ್ಕೆ ಬೇರೆ ಸ್ವಿಚ್ ಕೊಡಬೇಕು. ಆ ಭಾಗ ನಿಮ್ಮ ಪೂರ್ತಿ ಗಾಡಿಗಿಂತ ಉದ್ದ ಇರಲಿ.

ಗಾಡಿ ಇಲ್ಲದೆಯೂ ಶಾರ್ಟ್ ಇದ್ದರೆ ಹಳಿಯನ್ನು ನಡುವೆ ಬಿಡಿಸಿ. ಯಾವ ಅರ್ಧದಲ್ಲಿ ಶಾರ್ಟ್ ಇದೆ ನೋಡಿ, ಅದನ್ನು ಮತ್ತೆ ಅರ್ಧ ಮಾಡಿ. ನಾಲ್ಕೈದು ಸಲಕ್ಕೆ ಸಿಕ್ಕಿಬೀಳುತ್ತದೆ.

ಡಿಸಿಸಿಯವರಿಗೆ ಒಂದು ಮಾತು. ಹಳಿಯ ಬೇರೆ ಬೇರೆ ಕಡೆ ಒಂದು ನಾಣ್ಯವನ್ನು ಅಡ್ಡ ಇಟ್ಟು ನೋಡಿ. ಎಲ್ಲಿಟ್ಟರೂ ಕಂಟ್ರೋಲರ್ ತಕ್ಷಣ ಕರೆಂಟ್ ಕಡಿಯಬೇಕು. ಕಡಿಯದಿದ್ದರೆ ತಕ್ಷಣ ನಾಣ್ಯ ತೆಗೆಯಿರಿ. ಆ ಕಡೆಯ ವೈರು ತೆಳುವಾಗಿದೆ, ಗಾಡಿ ಓಡಿಸುವುದು ನಿಲ್ಲಿಸಿ. ಇಷ್ಟು ವೋಲ್ಟ್ ಕೈಗೆ ಶಾಕ್ ಕೊಡುವುದಿಲ್ಲ ನಿಜ, ಆದರೆ ಕೆಲವು ಆಂಪಿಯರ್ ಹರಿದರೆ ಡಬ್ಬಿಯ ಪ್ಲಾಸ್ಟಿಕ್ ಕರಗಿ ಹೋಗುತ್ತದೆ.

"ಸುಟ್ಟ ವಾಸನಿ ಬರಾಕತ್ತೈತಿ"

ಗುಂಡಿ ಸೊನ್ನೆಗೆ, ಪ್ಲಗ್ ಹೊರಗೆ. ಆಮೇಲೆ ಯೋಚಿಸಿ.

ಹತ್ತು ನಿಮಿಷ ಬಿಟ್ಟು ಎಂಜಿನ್ನಿನ ಗಾಲಿಗಳ ನಡುವೆ ನೋಡಿ. ದಾರ, ಕೂದಲು, ಜಲ್ಲಿ ಕಲ್ಲು ಸಿಕ್ಕಿಕೊಂಡು ಮೋಟರ್ ಏದುಸಿರು ಬಿಟ್ಟಿರಬಹುದು. ಏನೂ ಇಲ್ಲದಿದ್ದರೆ ಗ್ರೀಸ್ ಗಟ್ಟಿಯಾಗಿರುತ್ತದೆ, ವರ್ಷಗಟ್ಟಲೆ ಡಬ್ಬದಲ್ಲಿದ್ದ ಎಂಜಿನ್ನುಗಳಲ್ಲಿ ಇದು ಮಾಮೂಲಿ. ಹಳೆಯದನ್ನು ಒರೆಸಿ, ಪ್ಲಾಸ್ಟಿಕ್ಕಿಗೆ ಒಗ್ಗುವ ಎಣ್ಣೆಯನ್ನು ಸೂಜಿಯ ತುದಿಯಿಂದ ಒಂದೇ ತೊಟ್ಟು ಬಿಡಿ. ಮೋಟರಿನ ಬ್ರಷ್ ಕಡೆ ಎಣ್ಣೆ ಬೀಳಬಾರದು.

ಕೊಬ್ಬರಿ ಎಣ್ಣೆ ಬೇಡ. ಒಬ್ಬರು ಹಾಕಿದ್ದರು, ಸೆಪ್ಟೆಂಬರಿನಲ್ಲಿ ಗಾಡಿ ಬೆಣ್ಣೆಯಂತೆ ಓಡಿತು. ಡಿಸೆಂಬರ್ ಬೆಳಗ್ಗೆ ಗಾಲಿ ತಿರುಗಲೇ ಇಲ್ಲ. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಸ್ನಾನದ ಮನೆಯ ಬಾಟಲಿಯಲ್ಲಿ ದಿನಾ ನೋಡುತ್ತೇವೆ. ಆದರೂ ಎಂಜಿನ್ನಿನಲ್ಲಿ ಹೊಳೆಯಲಿಲ್ಲ. ಆ "ಒಬ್ಬರು" ಯಾರು ಅಂತ ಕೇಳಬೇಡಿ, ಕಾಕಾಗೆ ಸಿಟ್ಟು ಬರುತ್ತದೆ.

ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ಓಡಿಸುವಾಗ ಮಾತ್ರ ಕಂಟ್ರೋಲರ್ ಗುಂಯ್ ಅಂದು ಬಿಸಿಯಾದರೆ, ಅದು ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ಕಂಟ್ರೋಲರ್ ಆಗಿರುತ್ತದೆ. ಅಗ್ಗದ ಸ್ಕ್ವೇರ್‌ವೇವ್ ಇನ್ವರ್ಟರಿಗೂ ಅದಕ್ಕೂ ಆಗಿಬರುವುದಿಲ್ಲ. ಕರೆಂಟ್ ಬರುವ ತನಕ ಚಹಾ ಕುಡಿಯಿರಿ.

ಎಲ್ಲಿ ಕೈ ಬಿಡಬೇಕು

ಗೋಡೆಯಿಂದ ಕಂಟ್ರೋಲರ್ ತನಕ ಬರುವುದು 230 ವೋಲ್ಟ್. ಆ ಕಂಟ್ರೋಲರ್ ಬಿಚ್ಚಬೇಡಿ, ನೀವು ಎಷ್ಟೇ ಜಾಣರಾಗಿದ್ದರೂ. ಅಡಾಪ್ಟರ್ ಉಬ್ಬಿದ್ದರೆ, ವೈರಿನ ಮೇಲುಹೊದಿಕೆ ಸೀಳಿದ್ದರೆ ಬಿಸಾಕಿ, ಅದೇ ವೋಲ್ಟಿನ, ಬಿಐಎಸ್ ನೋಂದಣಿ ಗುರುತಿನ ಹೊಸದು ತನ್ನಿ. ಫ್ಯಾನ್ ರೆಗ್ಯುಲೇಟರ್ ಸೇರಿಸಿ ವೇಗ ಹಿಡಿಯುವ ಪ್ರಯೋಗ ಯಾರೂ ಮಾಡಬೇಡಿ.

ಡಿಸಿಸಿ ಚಿಪ್ ಮೇಲೆ ಕಂದು ಕಲೆ ಕಂಡರೆ ಅದು ಮುಗಿದಂತೆ, ಬದಲಿಸಬೇಕು. ಸಣ್ಣ ಬೆಸುಗೆಗೆ ಕೈ ನಡುಗುವವರು ಮೊಬೈಲ್ ರಿಪೇರಿಯವರ ಹತ್ತಿರ ಹೋಗಿ, ಅವರ ಬಳಿ ಭೂತಗನ್ನಡಿಯೂ ಸಣ್ಣ ಮೊನೆಯ ಕಬ್ಬಿಣವೂ ಇರುತ್ತವೆ. ಯಾವ ವೈರು ಎಲ್ಲಿತ್ತು ಅಂತ ಬಿಚ್ಚುವ ಮೊದಲೇ ಫೋಟೊ ತೆಗೆದು ಒಯ್ಯಿರಿ. ಮೋಟರಿನ ಸ್ಪ್ರಿಂಗ್ ತೆಗೆಯಲೇಬೇಕಾದರೆ ಇಡೀ ಎಂಜಿನ್ನನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟು, ಕೈಗಳನ್ನೂ ಒಳಗೆ ಹಾಕಿ ಬಿಚ್ಚಿ. ಹಾರಿದರೂ ಚೀಲದಲ್ಲೇ ಇರುತ್ತದೆ. ನನ್ನದು ಇನ್ನೂ ಮಂಚದ ಕೆಳಗೇ ಎಲ್ಲೋ ಇದೆ.